ಬಳ್ಳಾರಿಯಾಗ ಕುಂತು ಗಂಗಾವತಿ ಸರ್ವರ್‌ನ ಯುಎಸ್‌ಬಿ ಮ್ಯಾಲ ಬೂಟ್ ಮಾಡೋದು: ಎಲ್ಲಿ ನಿಂತೈತಿ ಅಂತ ಮೊದ್ಲು ಹುಡುಕ್ರಿ

ಗಂಗಾವತಿ ಹತ್ರ ಒಂದು ರೈಸ್ ಮಿಲ್‌ನ ಸರ್ವರ್ ನಾನು ಬಳ್ಳಾರಿಯಾಗ ಕುಂತು ನೋಡ್ಕೋತೀನಿ. ವೇಬ್ರಿಡ್ಜ್ ತೂಕ, ಬಿಲ್ಲಿಂಗ್, ಗೋಡೌನ್ ಸ್ಟಾಕ್ ಎಲ್ಲಾ ಅದೊಂದೇ ಮಷೀನ್ ಮ್ಯಾಲ ನಡೀತೈತಿ, ಅದು ನಿಂತ್ರ ಭತ್ತದ ಲಾರಿ ಟ್ರ್ಯಾಕ್ಟರ್ ಎಲ್ಲಾ ಗೇಟಿನ ಮುಂದ ಸಾಲಾಗಿ ನಿಲ್ತಾವು, ಸುಗ್ಗಿ ಟೈಮಿನಾಗ ಆದ್ರಂತೂ ರೈತ್ರು ರಾತ್ರಿಯೆಲ್ಲಾ ಚೀಲದ ಮ್ಯಾಲ ಮಲಗಿ ಕಾಯಬೇಕಾಗ್ತೈತಿ. ಕಂಪ್ಲಿ ಮ್ಯಾಲ ಹಾದು ಹೋದ್ರ ದಾರಿ ಬಾಳ ದೂರ ಇಲ್ಲ, ಆದ್ರ ಡ್ಯಾಮಿಂದ ಜಾಸ್ತಿ ನೀರು ಬಿಟ್ರಂದ್ರ ಕಂಪ್ಲಿ ಸೇತುವೆ ಮುಳುಗ್ತೈತಿ, ಆವಾಗ ಹೊಸಪೇಟೆ ಮುನಿರಾಬಾದ್ ಸುತ್ತು ಹಾಕ್ಕೊಂಡು ಹೋಗಬೇಕು. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದು ಚೈನ್ ಹರಿದು ಕೊಚ್ಚಿಕೊಂಡು ಹೋತಲ್ಲ, ಆವಾಗ್ಲೇ ಅನ್ಕೊಂಡೆ, ನದಿ ದಾಟಬೇಕಾದ ಪರಿಸ್ಥಿತಿನ ಬರಬಾರ್ದು ಅಂತ. ಒಂದು ಎಸ್‌ಎಸ್‌ಡಿನ ಯುಎಸ್‌ಬಿ ಕೇಸ್‌ನಾಗ ಹಾಕಿ, ಡೆಬಿಯನ್ ಅನ್ನೋ ಲಿನಕ್ಸ್ ಇನ್‌ಸ್ಟಾಲ್ ಮಾಡಿ, ಸರ್ವರ್ ಹಿಂದ ಚುಚ್ಚಿ ಬಿಟ್ಟು ಬಂದೆ. ಒಳಗಿನ ಡಿಸ್ಕ್ ಕೈ ಕೊಟ್ರ ಇದರ ಮ್ಯಾಲ ಎಬ್ಬಿಸೋದು, ದಿನಾ ರಾತ್ರಿ ಡೇಟಾಬೇಸ್ ಕಾಪಿನೂ ಇದಕ್ಕ ಬೀಳ್ತೈತಿ.

ಹೋದ ಮಳೆಗಾಲದಾಗ ಒಂದಿನ ಅದು ನಿಜಕ್ಕೂ ಬೇಕಾತು. ಇಪ್ಪತ್ತು ನಿಮಿಷದ ಕೆಲ್ಸ ನಾಕು ತಾಸು ಹಿಡೀತು, ಯಾಕಂದ್ರ ಒಂದರ ಹಿಂದ ಒಂದು ಬ್ಯಾರೆ ಬ್ಯಾರೆ ದೋಷ ಇದ್ವು, ನಾನು ಎಲ್ಲಾನೂ ಒಂದೇ ದೋಷ ಅನ್ಕೊಂಡು ಒದ್ದಾಡ್ದೆ. ಈ ಕೆಲ್ಸ ಮಾಡೋರು ನಮ್ಮ ಬಳ್ಳಾರಿ ಕೊಪ್ಪಳ ರಾಯಚೂರು ಕಡೆ ಈಗ ಬಾಳ ಮಂದಿ ಅದಾರ, ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಆಸ್ಪತ್ರೆ, ಕ್ರಷರ್ ಎಲ್ಲಾ ಕಡೆ ಒಂದೊಂದು ಸರ್ವರ್ ಐತಿ, ಅವರಿಗೆ ಉಪಯೋಗ ಆಗ್ಲಿ ಅಂತ ಬರೀಲಿಕ್ಕತ್ತೀನಿ.

ಎಡದಂಡೆ ಕಾಲುವೆ ಟೇಲ್ ಎಂಡ್‌ನಾಗ ಇರೋ ರೈತ ನೀರು ಬರವಲ್ದು ಅಂತ ಹೇಳಿದ್ರ ಅದ್ರಿಂದ ಏನೂ ಗೊತ್ತಾಗಲ್ಲ. ಡ್ಯಾಮಿಂದ ಬಿಟ್ಟಿಲ್ಲೋ, ಮೇನ್ ಕೆನಾಲ್ ಒಡದೈತೋ, ಡಿಸ್ಟ್ರಿಬ್ಯೂಟರ್ ಗೇಟ್ ಮುಚ್ಚೈತೋ, ಅಥವಾ ಬಾಜು ಹೊಲದವ್ನೇ ಪಂಪ್ ಇಟ್ಟು ಎತ್ತಿಕೊಂಡಾನೋ, ಕಾಲುವೆ ಗುಂಟ ನಡ್ಕೊಂತ ಹೋಗಿ ನೀರು ಎಲ್ಲಿ ತನಕ ಬಂದೈತಿ ನೋಡಿದ್ರ ಮಾತ್ರ ತಿಳೀತೈತಿ. ಯುಎಸ್‌ಬಿ ಬೂಟ್‌ನೂ ಹಂಗ. ಫರ್ಮ್‌ವೇರ್ (ಬೋರ್ಡ್‌ನಾಗೇ ಇರೋ ಪ್ರೋಗ್ರಾಮ್, ಬಯೋಸ್ ಅಂತೀವಲ್ಲ ಅದು) ಡಿಸ್ಕ್‌ನ ನೋಡಬೇಕು, ಬೂಟ್‌ಲೋಡರ್‌ನ (ಲಿನಕ್ಸ್ ಶುರು ಮಾಡೋ ಸಣ್ಣ ಪ್ರೋಗ್ರಾಮ್) ಎತ್ತಬೇಕು, ಬೂಟ್‌ಲೋಡರ್ ಕರ್ನಲ್‌ನ (ಲಿನಕ್ಸ್‌ನ ತಿರುಳು) ಎತ್ತಬೇಕು, ಕರ್ನಲ್ ಅದೇ ಡಿಸ್ಕ್‌ನ ಮತ್ತೊಮ್ಮೆ ತಾನೇ ಹುಡುಕಿ ರೂಟ್ (ಸಿಸ್ಟಮ್‌ನ ಫೈಲ್ ಎಲ್ಲಾ ಇರೋ ಪಾರ್ಟಿಷನ್) ಮೌಂಟ್ ಮಾಡ್ಬೇಕು, ಆಮ್ಯಾಲ ನೆಟ್‌ವರ್ಕ್ ಏಳಬೇಕು. ಕೊನೆಗೆ ನಮಗ ಬಳ್ಳಾರಿಯಾಗ ಕಾಣೋದು ಎಲ್ಲಾದಕ್ಕೂ ಒಂದೇ, ಸರ್ವರ್ ಜೀವಂತ ಐತೋ ಅಂತ ಕೇಳೋ ಪಿಂಗ್‌ಗ ಉತ್ತರ ಬರವಲ್ದು.

ಸ್ಕ್ರೀನ್ ಕಾಣದಂಗ ಏನೂ ಮುಟ್ಟಬ್ಯಾಡ್ರಿ

ಸರ್ವರ್ ಬೋರ್ಡ್ ಮ್ಯಾಲ ಬಿಎಂಸಿ ಅಂತ ಒಂದು ಸಣ್ಣ ಕಂಪ್ಯೂಟರ್ ಇರ್ತೈತಿ, ಡೆಲ್‌ನವ್ರು ಅದಕ್ಕ ಐಡ್ರ್ಯಾಕ್ ಅಂತಾರ, ಎಚ್‌ಪಿಯವ್ರು ಐಎಲ್‌ಒ ಅಂತಾರ, ಉಳಿದವ್ರು ಅದಕ್ಕ ದೂರದಿಂದ ಕಮಾಂಡ್ ಕೊಡೋ ಸ್ಟ್ಯಾಂಡರ್ಡ್‌ನ ಹೆಸರಿಂದ ಐಪಿಎಂಐ ಅಂತ ಕರೀತಾರ. ಮಷೀನ್ ಆಫ್ ಇದ್ರೂ ಅದು ಜೀವಂತ ಇರ್ತೈತಿ, ಪವರ್ ಕೇಬಲ್‌ನಾಗ ಕರೆಂಟ್ ಇದ್ರ ಸಾಕು. ಅದರಾಗ ಎರಡು ಕಿಟಕಿ ಅದಾವು, ಒಂದು ಬ್ರೌಸರ್‌ನಾಗ ಸ್ಕ್ರೀನ್ ತೋರ್ಸೋ ಕೆವಿಎಂ, ಇನ್ನೊಂದು ಅಕ್ಷರ ಮಾತ್ರ ಬರೋ ಸೀರಿಯಲ್ ಓವರ್ ಲ್ಯಾನ್. ಮಿಲ್‌ನ ಇಂಟರ್ನೆಟ್ ಮಳಿಗಾಲದಾಗ ತೆವಳ್ತಿರ್ತೈತಿ, ಕೆವಿಎಂ ಚಿತ್ರ ಒಡೆದು ಒಡೆದು ಬರ್ತೈತಿ, ಆವಾಗ ಸೀರಿಯಲ್ಲೇ ದೇವ್ರು. ಅದು ಕೆಲ್ಸ ಮಾಡ್ಬೇಕಂದ್ರ ಬಯೋಸ್‌ನಾಗ ಕನ್ಸೋಲ್ ರೀಡೈರೆಕ್ಷನ್ ಆನ್ ಇರಬೇಕು ಮತ್ತ ಕರ್ನಲ್ ಲೈನ್‌ನಾಗ (ಬೂಟ್‌ಲೋಡರ್ ಕರ್ನಲ್‌ಗ ಕೊಡೋ ಆಪ್ಷನ್‌ಗಳ ಸಾಲು) ಕನ್ಸೋಲ್=ಟಿಟಿವೈ0 (ಸ್ಕ್ರೀನ್) ಮತ್ತ ಕನ್ಸೋಲ್=ಟಿಟಿವೈಎಸ್1,115200 (ಸೀರಿಯಲ್) ಎರಡೂ ಇರಬೇಕು. ಎರಡರಾಗ ಕೊನೆಗೆ ಬರ್ದದ್ದೇ ಮುಖ್ಯ ಕನ್ಸೋಲ್ ಆಗ್ತೈತಿ, ಕರ್ನಲ್ ಮೆಸೇಜ್ ಎರಡಕ್ಕೂ ಹೋದ್ರೂ ಆಮ್ಯಾಲಿನ ಶೆಲ್ ಪ್ರಾಂಪ್ಟ್ ಬರೋದು ಕೊನೇದಕ್ಕ ಮಾತ್ರ. ಸೀರಿಯಲ್‌ನ ಮೊದ್ಲು ಬರ್ದು ಟಿಟಿವೈ0ನ ಕೊನೆಗೆ ಬರೆದ್ರ ದೂರ ಕುಂತೋರಿಗೆ ಅರ್ಧ ಕಥಿ ಕಾಣೋದಿಲ್ಲ. ಟಿಟಿವೈಎಸ್0 ಹೌದೋ ಟಿಟಿವೈಎಸ್1 ಹೌದೋ ಬೋರ್ಡ್ ಮ್ಯಾಲ ಹೋಗ್ತೈತಿ, ಇದನ್ನ ಸರ್ವರ್ ಆರಾಮ ಇದ್ದಾಗ್ಲೇ ಟೆಸ್ಟ್ ಮಾಡಿ ಇಟ್ಕೊಳ್ರಿ.

ಇನ್ನೊಂದು, ಬಿಎಂಸಿನ ನೇರ ಇಂಟರ್ನೆಟ್‌ಗ ಬಿಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಐಪಿಎಂಐ 2.0ನ ವಿನ್ಯಾಸದಾಗೇ ಒಂದು ತೂತು ಐತಿ, ಲಾಗಿನ್ ಮುಗಿಯೋಕಿಂತ ಮೊದ್ಲೇ ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಗುಪ್ತ ರೂಪ) ಎದುರಿನವ್ರಿಗೆ ಸಿಗ್ತೈತಿ. ಯುಡಿಪಿ 623 ಪೋರ್ಟ್ ರೂಟರ್‌ನಾಗ ಓಪನ್ ಇದ್ರ ಇವತ್ತೇ ಮುಚ್ರಿ, ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕ್ಕೊಂಡು ಒಳಗ ಬರ್ರಿ. ಆ ವಿಪಿಎನ್ ರೂಟರ್ ಮ್ಯಾಲ ಇರಬೇಕು, ಸರ್ವರ್ ಮ್ಯಾಲ ಇದ್ರ ಸರ್ವರ್ ಬಿದ್ದ ದಿನ ವಿಪಿಎನ್‌ನೂ ಬೀಳ್ತೈತಿ.

ಮೊದಲ ನಿಲುಗಡೆ: ಹೇಳಿದ್ದು ಫರ್ಮ್‌ವೇರ್‌ಗ ಕೇಳ್ಸೇ ಇಲ್ಲ

ಅವತ್ತು ರಾತ್ರಿ ಕೆವಿಎಂ ತಗದ್ರ ಬೂಟ್ ಡಿವೈಸ್ ಇಲ್ಲ ಅಂತ ಒಂದೇ ಸಾಲು. ಒಳಗಿನ ಡಿಸ್ಕ್ ಹೋಗೈತಿ ಅಂತ ಖಾತ್ರಿ ಆತು. ಐಪಿಎಂಐಟೂಲ್ ಅನ್ನೋ ಕಮಾಂಡ್‌ನಿಂದ ಬೂಟ್‌ಡೆವ್ (ಮುಂದಿನ ಬೂಟ್ ಯಾವುದರಿಂದ ಅನ್ನೋದು) ಸೆಟ್ ಮಾಡ್ದೆ, ಯುಎಸ್‌ಬಿಗೆ ಅದರಾಗ ಸಪರೇಟ್ ಹೆಸ್ರು ಇಲ್ಲ, ಫ್ಲಾಪಿ ಅಂತ ಕೊಡಬೇಕು, ಸ್ಟ್ಯಾಂಡರ್ಡ್‌ನಾಗ ಅದರರ್ಥ ಫ್ಲಾಪಿ ಅಥವಾ ತೆಗೆದು ಹಾಕೋ ಮೀಡಿಯಾ ಅಂತ. ಸೆಟ್ ಆತು ಅಂತ ಉತ್ತರ ಬಂತು. ಪವರ್ ಸೈಕಲ್ (ಆಫ್ ಮಾಡಿ ಆನ್ ಮಾಡೋದು) ಕೊಡೋಕಿಂತ ಮೊದ್ಲು ಮಿಲ್‌ನ ಗುಮಾಸ್ತರಿಗೆ ಫೋನ್ ಹಚ್ಚಿ, ಸರ್ ಹಿಂದಿನ ಡಿಸ್ಕ್ ಲೈಟ್ ಉರೀತೈತಾ ನೋಡ್ರಿ ಅಂದೆ, ಅವ್ರು ಛತ್ರಿ ಹಿಡ್ಕೊಂಡು ಅಂಗಳ ದಾಟಿ ಆಫೀಸ್ ಬೀಗ ತಗ್ದು ನೋಡಿ ಉರೀತೈತ್ರಿ ಅನ್ನೋದ್ರಾಗ ಐದು ನಿಮಿಷ ಹೋತು, ಆಮ್ಯಾಲ ಪವರ್ ಸೈಕಲ್ ಕೊಟ್ಟೆ. ಮತ್ತ ಅದೇ ಸಾಲು. ಮೂರು ಸಲ ಹಿಂಗೇ ಆತು, ಪ್ರತಿ ಸಲ ನಾನು ನಡುವ ಏನೋ ಒಂದು ಚೆಕ್ ಮಾಡಾಕ ಹೋಗ್ತಿದ್ದೆ.

ಕಾರಣ ಇಷ್ಟೇ. ಐಪಿಎಂಐ ನಿಯಮದ ಪ್ರಕಾರ ಬೂಟ್‌ಡೆವ್ ಹಾಕಿಡೋ ಈ ಬೂಟ್ ಫ್ಲ್ಯಾಗ್‌ನ ಆಯುಷ್ಯ 60 ಸೆಕೆಂಡ್, ಅಷ್ಟರೊಳಗ ಪವರ್ ಆನ್, ರೀಸೆಟ್ ಅಥವಾ ಸೈಕಲ್ ಕಮಾಂಡ್ ಬರ್ಲಿಲ್ಲಂದ್ರ ಬಿಎಂಸಿ ತಾನಾಗೇ ಅಳಿಸಿ ಹಾಕ್ತೈತಿ, ನಮಗ ಒಂದ್ ಮಾತೂ ಹೇಳಂಗಿಲ್ಲ. ಫ್ಲ್ಯಾಗ್ ಇನ್ನೂ ಐತೋ ಇಲ್ಲೋ ನೋಡಾಕ ಚಾಸಿಸ್ ಬೂಟ್‌ಪ್ಯಾರಮ್ ಗೆಟ್ 5 ಕೊಡ್ರಿ, ಬೂಟ್ ಫ್ಲ್ಯಾಗ್ ಇನ್‌ವ್ಯಾಲಿಡ್ ಅಂತ ಬಂದ್ರ ಟೈಮ್ ಮುಗ್ದೈತಿ ಅಂತ ಅರ್ಥ. ಈಗ ನಾನು ಎರಡೂ ಕಮಾಂಡ್‌ನ ಒಂದೇ ಸಾಲಿನಾಗ ಸೇರ್ಸಿ ಸ್ಕ್ರಿಪ್ಟ್ ಮಾಡ್ಕೊಂಡೀನಿ, ನಡುವ ಉಸಿರೂ ಬಿಡಂಗಿಲ್ಲ.

ಅದಾದ್ಮ್ಯಾಲೂ ಬರ್ಲಿಲ್ಲ. ಈ ಸಲ ಡಿಸ್ಕ್‌ನ ಲೈಟ್ ಎರಡು ಸಲ ಮಿಣುಕಿ ಸುಮ್ಮನಾತು ಅಂತ ಗುಮಾಸ್ತ್ರು ವಿಡಿಯೋ ಕಾಲ್‌ನಾಗ ತೋರ್ಸಿದ್ರು. ಆ ಮಿಣುಕು ಬಾಳ ದೊಡ್ಡ ಸುಳಿವು ನೋಡ್ರಿ. ಲೈಟ್ ಅಲ್ಲಾಡೇ ಇಲ್ಲಂದ್ರ ಪೋರ್ಟ್, ಕೇಬಲ್ ಅಥವಾ ಪವರ್ ದೋಷ. ಮಿಣುಕಿ ನಿಂತ್ರ ಫರ್ಮ್‌ವೇರ್ ಓದೈತಿ, ಓದಿದ್ದು ಅದಕ್ಕ ಹಿಡಿಸಿಲ್ಲ. ನನ್ನ ಡಿಸ್ಕ್ ಯುಇಎಫ್‌ಐಗೆ (ಹೊಸ ಥರದ ಫರ್ಮ್‌ವೇರ್) ಮಾಡಿದ್ದು, ಆದ್ರ ಐಪಿಎಂಐಟೂಲ್ ಬಾಯಿ ಬಿಟ್ಟು ಹೇಳದಿದ್ರ ಹಳೇ ಲೆಗಸಿ ಬಯೋಸ್ ಬೂಟ್ ಅಂತ ಫ್ಲ್ಯಾಗ್ ಹಾಕ್ತೈತಿ. ಆಪ್ಷನ್ಸ್=ಇಎಫ್‌ಐಬೂಟ್ ಅಂತ ಜೊತಿಗೆ ಕೊಡಬೇಕು. ಕೊಟ್ಟೆ, ಗ್ರಬ್ ಅನ್ನೋ ಬೂಟ್‌ಲೋಡರ್‌ನ ಮೆನು ಬಂತು.

ಇಲ್ಲೇ ಇನ್ನೊಂದು ಬಲೆ ಐತಿ, ನಾನು ಅದೃಷ್ಟಕ್ಕ ಮೊದ್ಲೇ ತಪ್ಪಿಸಿಕೊಂಡಿದ್ದೆ. ನಿಮ್ಮ ಲ್ಯಾಪ್‌ಟಾಪ್‌ಗ ಯುಎಸ್‌ಬಿ ಡಿಸ್ಕ್ ಹಚ್ಚಿ ಲಿನಕ್ಸ್ ಇನ್‌ಸ್ಟಾಲ್ ಮಾಡಿದ್ರ ಬೂಟ್‌ಲೋಡರ್ ಡೆಬಿಯನ್ ಅನ್ನೋ ಫೋಲ್ಡರ್‌ನಾಗ ಕುಂದರ್ತೈತಿ, ಅದರ ವಿಳಾಸ ಬರ್ಕೊಳ್ಳೋದು ಲ್ಯಾಪ್‌ಟಾಪ್‌ನ ಮೆಮೊರಿಯಾಗ. ಆ ಡಿಸ್ಕ್ ಸರ್ವರ್‌ಗ ಹಚ್ಚಿದ್ರ ಸರ್ವರ್‌ಗ ಆ ವಿಳಾಸ ಎಲ್ಲಿ ಗೊತ್ತು? ತೆಗೆದು ಹಾಕೋ ಡಿಸ್ಕ್‌ನಾಗ ಫರ್ಮ್‌ವೇರ್ ಹುಡುಕೋದು ಒಂದೇ ಜಾಗ, ಇಎಫ್‌ಐ ಫೋಲ್ಡರ್ ಒಳಗ ಬೂಟ್ ಫೋಲ್ಡರ್, ಅದರಾಗ ಬೂಟ್‌ಎಕ್ಸ್64 ಫೈಲ್. ಗ್ರಬ್ ಇನ್‌ಸ್ಟಾಲ್ ಮಾಡೋವಾಗ ರಿಮೂವಬಲ್ ಆಪ್ಷನ್ ಕೊಟ್ರ ಅಲ್ಲೇ ಹೋಗಿ ಕುಂದರ್ತೈತಿ. ಆ ಪಾರ್ಟಿಷನ್ ಫ್ಯಾಟ್32 ಇರ್ಲಿ. ಸೆಕ್ಯೂರ್ ಬೂಟ್ ಆನ್ ಇದ್ದು ಸೈನ್ ಇಲ್ಲದ ಬೂಟ್‌ಲೋಡರ್ ಇದ್ರ ಸೆಕ್ಯುರಿಟಿ ವಯಲೇಷನ್ ಅಂತ ಸ್ಕ್ರೀನ್ ಮ್ಯಾಲೇ ಬರ್ತೈತಿ, ಅದನ್ನ ಗುರ್ತು ಹಿಡಿಯೋದು ಸುಲಭ.

ಲೈಟೇ ಉರೀವಲ್ದಂದ್ರ? ರೈಸ್ ಮಿಲ್‌ನಾಗ ತೌಡಿನ ಧೂಳು ಎಲ್ಲಾ ಕಡೆ ಹೋಗ್ತೈತಿ, ಖಾಲಿ ಯುಎಸ್‌ಬಿ ಪೋರ್ಟ್ ಒಳಗ ಹಳದಿ ಬಣ್ಣದ ಮೆತ್ತನೆ ಹಿಟ್ಟು ಗಟ್ಟಿಯಾಗಿ ಕುಂತಿರ್ತೈತಿ, ಮಳಿಗಾಲದ ತಂಪಿಗೆ ಅದು ಅಂಟಿನಂಗ ಆಗ್ತೈತಿ. ನಾನು ಒಂದ್ಸಲ ಟೂತ್‌ಬ್ರಷ್‌ನಿಂದ ಕೆರೆದು ತಗ್ದೀನಿ. ಖಾಲಿ ಪೋರ್ಟ್‌ಗೆಲ್ಲಾ ರಬ್ಬರ್ ಮುಚ್ಚಳ ಹಾಕ್ರಿ, ಹತ್ತಿಪ್ಪತ್ತು ರೂಪಾಯಿ ಮಾತು. ಪವರ್ ಬಗ್ಗೆ ಹೇಳ್ಬೇಕಂದ್ರ ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪ್ ಕೊಡ್ತೈತಿ, ಯುಎಸ್‌ಬಿ 3 ಪೋರ್ಟ್ 900. ತಿರುಗೋ ಹಾರ್ಡ್ ಡಿಸ್ಕ್ ಆಗಿದ್ರ ಶುರುವಿನಾಗ ಜಾಸ್ತಿ ಎಳೀತೈತಿ, ಟಕ್ ಟಕ್ ಸದ್ದು ಬಂದ್ರ ಪವರ್ ಸಾಲವಲ್ದು ಅಂತ ತಿಳ್ಕೊಳ್ರಿ. ಎಸ್‌ಎಸ್‌ಡಿ ಹಾಕ್ರಿ, ಆ ಕಥಿನ ಮುಗೀತೈತಿ.

ನಡುವಿನ ನಿಲುಗಡೆ: ಗ್ರಬ್ ಬಂತು, ಕರ್ನಲ್ ಬಂತು, ಡಿಸ್ಕ್ ಮಾಯ

ನನ್ನ ಎರಡು ತಾಸು ತಿಂದದ್ದು ಇದು, ಜಾಸ್ತಿ ಮಂದಿ ಸಿಕ್ಕಾಕೊಳ್ಳೋದೂ ಇಲ್ಲೇ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕರ್ನಲ್ ಸಾಲು ಸರಸರ ಹೋದ್ವು, ಆಮ್ಯಾಲ ಅರ್ಧ ನಿಮಿಷ ಸುಮ್ಮನೆ ನಿಂತು, ರೂಟ್ ಫೈಲ್ ಸಿಸ್ಟಮ್‌ಗ ಕಾದು ಸಾಕಾತು ಅನ್ನೋ ಮೆಸೇಜ್ ಕೊಟ್ಟು ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗೋ ತನಕ ಮೆಮೊರಿಯಾಗ ನಡಿಯೋ ಸಣ್ಣ ಸಿಸ್ಟಮ್) ಪ್ರಾಂಪ್ಟ್‌ಗ ಬಂದು ಕುಂತು. ನಾನು ಏನನ್ಕೊಂಡೆ ಅಂದ್ರ, ಗ್ರಬ್ ಬಂದದ್ದು ಇದೇ ಡಿಸ್ಕ್‌ನಿಂದ, ಕರ್ನಲ್ ಬಂದದ್ದೂ ಇದೇ ಡಿಸ್ಕ್‌ನಿಂದ, ಅಂದ್ಮ್ಯಾಲ ಡಿಸ್ಕ್, ಕೇಬಲ್, ಪೋರ್ಟ್ ಎಲ್ಲಾ ಸರಿ ಐತಿ, ತಪ್ಪು ನಾನು ಬರೆದ ಯುಯುಐಡಿಯಾಗ (ಪಾರ್ಟಿಷನ್ ಗುರ್ತಿಸೋ ಉದ್ದ ನಂಬರ್) ಇರಬೇಕು ಅಂತ. ಯುಯುಐಡಿನ ಅಕ್ಷರ ಅಕ್ಷರ ತಾಳೆ ನೋಡಿದೆ, ಸರಿಯಿತ್ತು.

ಗ್ರಬ್ ಡಿಸ್ಕ್‌ನ ಓದೋದು ಫರ್ಮ್‌ವೇರ್‌ನ ಕಣ್ಣಿಂದ, ಅದಕ್ಕ ಸ್ವಂತ ಯುಎಸ್‌ಬಿ ಡ್ರೈವರ್ ಬೇಕಿಲ್ಲ. ಕರ್ನಲ್ ಎದ್ದ ಕೂಡ್ಲೇ ಫರ್ಮ್‌ವೇರ್‌ನ ಪಕ್ಕಕ್ಕ ಸರಿಸಿ ಯುಎಸ್‌ಬಿ ಕಂಟ್ರೋಲರ್‌ನ ತನ್ನ ಕೈಗೆ ತಗೊಂತೈತಿ, ಬಸ್ ರೀಸೆಟ್ ಮಾಡ್ತೈತಿ, ಎಲ್ಲಾ ಡಿಸ್ಕ್‌ನ ಹೊಸದಾಗಿ ಹುಡುಕ್ತೈತಿ. ಆ ಒಂದು ಗಳಿಗ್ಯಾಗ ಡಿಸ್ಕ್ ನಿಜಕ್ಕೂ ಇರಂಗಿಲ್ಲ. ಮತ್ತ ಸಿಗಬೇಕಂದ್ರ ಇನಿಟ್‌ರಾಮ್‌ಎಫ್‌ಎಸ್ ಒಳಗ ಡ್ರೈವರ್ ಇರಬೇಕು, ಡಿಸ್ಕ್ ಏಳೋ ತನಕ ಕಾಯೋ ತಾಳ್ಮಿ ಇರಬೇಕು, ಮತ್ತ ಕರ್ನಲ್ ಮಾತಾಡೋ ಭಾಷೆ ಆ ಯುಎಸ್‌ಬಿ ಕೇಸ್‌ಗ ಸರಿ ಬರಬೇಕು. ಗ್ರಬ್ ಬಂದದ್ದು ಈ ಮೂರರಾಗ ಯಾವ್ದಕ್ಕೂ ಸಾಕ್ಷಿ ಅಲ್ಲ.

ಆ ಪ್ರಾಂಪ್ಟ್‌ನಾಗೇ ಮೂರನ್ನೂ ಬ್ಯಾರೆ ಮಾಡಬಹುದು. ಮೊದ್ಲು ಡಿಸ್ಕ್ ಪಟ್ಟಿ ತೋರ್ಸೋ ಬಿಎಲ್‌ಕೆಐಡಿ ಕಮಾಂಡ್ ಹೊಡೀರಿ. ಈಗ ಡಿಸ್ಕ್ ಕಾಣ್ತೈತಿ ಅಂದ್ರ ಅದು ತಡ ಆಗಿ ಬಂದದ್ದು ಅಷ್ಟೇ, ಎಕ್ಸಿಟ್ ಅಂತ ಟೈಪ್ ಮಾಡಿದ್ರ ಬೂಟ್ ಮುಂದುವರೀತೈತಿ, ಆಮ್ಯಾಲ ಕರ್ನಲ್ ಲೈನ್‌ಗ ರೂಟ್‌ಡಿಲೇ (ಡಿಸ್ಕ್‌ಗ ಇಷ್ಟು ಸೆಕೆಂಡ್ ಕಾಯಿ ಅನ್ನೋ ಆಪ್ಷನ್) ಹಾಕ್ಕೊಳ್ರಿ. ಕಾಣವಲ್ದಂದ್ರ ಪ್ರಾಕ್ ಮಾಡ್ಯೂಲ್ಸ್ ಫೈಲ್ ತಗ್ದು ಎಕ್ಸ್‌ಎಚ್‌ಸಿಐ, ಯುಎಸ್‌ಬಿ ಸ್ಟೋರೇಜ್, ಯುಎಎಸ್ ಅನ್ನೋ ಡ್ರೈವರ್ ಹೆಸರು ಅದಾವೋ ನೋಡ್ರಿ. ಇಲ್ಲಂದ್ರ ಇನಿಟ್‌ರಾಮ್‌ಎಫ್‌ಎಸ್ ಕಟ್ಟೋವಾಗ್ಲೇ ಬಿಟ್ಟುಹೋಗ್ಯಾವು. ಡೆಬಿಯನ್‌ನಾಗ ಮಾಡ್ಯೂಲ್ಸ್=ಡೆಪ್ ಅಂತ ಇದ್ರ ಕಟ್ಟಿದ ಮಷೀನ್‌ಗ ಬೇಕಾದಷ್ಟೇ ಡ್ರೈವರ್ ಹಾಕ್ತೈತಿ, ಅದನ್ನ ಮೋಸ್ಟ್ ಅಂತ ಮಾಡ್ರಿ. ಫೆಡೋರಾ, ರೆಡ್‌ಹ್ಯಾಟ್ ಕಡೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟೋ ಡ್ರಾಕಟ್ ಡೀಫಾಲ್ಟ್ ಆಗೇ ಹೋಸ್ಟ್‌ಓನ್ಲಿ, ಅಂದ್ರ ಆ ಮಷೀನ್‌ಗ ಬೇಕಾದಷ್ಟೇ, ಅಲ್ಲಿ ನೋ ಹೋಸ್ಟ್‌ಓನ್ಲಿ ಅಂತ ಕೊಟ್ಟು ಕಟ್ಟಬೇಕು. ಊರೂರು ತಿರುಗೋ ಡಿಸ್ಕ್‌ಗ ಎಲ್ಲಾ ಊರಿನ ಡ್ರೈವರ್ ಬೇಕು.

ನನಗ ಡ್ರೈವರ್ ಎಲ್ಲಾ ಇದ್ವು, ಆದ್ರೂ ಡಿಸ್ಕ್ ಇಲ್ಲ. ಡಿಮೆಸೇಜ್ (ಕರ್ನಲ್‌ನ ಲಾಗ್) ತಗದ್ರ ಸೂಪರ್‌ಸ್ಪೀಡ್ ಡಿವೈಸ್ ರೀಸೆಟ್, ಯುಎಎಸ್ ಅಬಾರ್ಟ್, ಮತ್ತ ರೀಸೆಟ್, ಮತ್ತ ಅಬಾರ್ಟ್, ಹಿಂಗ ಪುಟಗಟ್ಟಲೆ. ಅದು ಮೂರನೇ ರೋಗ. ಯುಎಎಸ್ ಅನ್ನೋದು ಯುಎಸ್‌ಬಿ ಡಿಸ್ಕ್ ಜೊತಿ ಮಾತಾಡೋ ಹೊಸ ವೇಗದ ಪದ್ಧತಿ, ಕೆಲವು ಕೇಸ್‌ಗಳ ಒಳಗಿನ ಚಿಪ್ ಅದನ್ನ ಬರ್ತೈತಿ ಅಂತ ಹೇಳ್ಕೊಂಡು ಲೋಡ್ ಬಿದ್ದಾಗ ಕೈ ಬಿಡ್ತೈತಿ. ಫರ್ಮ್‌ವೇರ್ ಹಳೇ ನಿಧಾನದ ಪದ್ಧತಿಯಾಗ ಮಾತಾಡ್ತಿತ್ತು, ಅದಕ್ಕ ಗ್ರಬ್ ತನಕ ತೊಂದ್ರೆ ಇರ್ಲಿಲ್ಲ. ಡಿಮೆಸೇಜ್‌ನಾಗೇ ವೆಂಡರ್ ಮತ್ತ ಪ್ರಾಡಕ್ಟ್ ಐಡಿ ಅಂತ ನಾಕು ನಾಕು ಅಕ್ಷರದ ಎರಡು ನಂಬರ್ ಇರ್ತಾವು, ಅವನ್ನ ಬರ್ಕೊಂಡೆ. ರೀಬೂಟ್ ಮಾಡಿ ಗ್ರಬ್ ಮೆನುದಾಗ ಇ ಒತ್ತಿ, ಲಿನಕ್ಸ್ ಅನ್ನೋ ಸಾಲಿನ ಕೊನೆಗೆ ಯುಎಸ್‌ಬಿ-ಸ್ಟೋರೇಜ್.ಕ್ವಿರ್ಕ್ಸ್= ಅಂತ ಬರ್ದು, ಆ ಎರಡು ನಂಬರ್ ಕೋಲನ್ ಹಾಕಿ, ಕೊನೆಗೆ ಇನ್ನೊಂದು ಕೋಲನ್ ಮತ್ತ ಯು ಅಕ್ಷರ ಹಾಕ್ದೆ. ಈ ಡಿಸ್ಕ್ ಜೊತಿ ಯುಎಎಸ್ ಮಾತಾಡಬ್ಯಾಡ ಅಂತ ಕರ್ನಲ್‌ಗ ಹೇಳೋ ಅಕ್ಷರ ಅದು. ಕಂಟ್ರೋಲ್ ಎಕ್ಸ್ ಒತ್ತಿದೆ, ಲಾಗಿನ್ ಪ್ರಾಂಪ್ಟ್ ಬಂತು. ಹೊರಗ ಬೆಳಕು ಹರೀತಿತ್ತು.

ಮನೆಯಾಗ ಲ್ಯಾಪ್‌ಟಾಪ್ ಮ್ಯಾಲ ಇದೇ ಡಿಸ್ಕ್ ಚಲೋ ನಡ್ದಿತ್ತು. ಅದಕ್ಕ ಹೇಳೋದು, ಟೆಸ್ಟ್ ಮಾಡೋದಾದ್ರ ಅದೇ ಸರ್ವರ್, ಅದೇ ಪೋರ್ಟ್, ಅದೇ ಕೇಬಲ್.

ಎದ್ದ ಮ್ಯಾಲೂ ಕೈಗೆ ಸಿಗಂಗಿಲ್ಲ

ಲಾಗಿನ್ ಪ್ರಾಂಪ್ಟ್ ಸೀರಿಯಲ್‌ನಾಗ ಐತಿ, ಎಸ್‌ಎಸ್‌ಎಚ್ (ನೆಟ್‌ವರ್ಕ್ ಮ್ಯಾಲಿನ ಲಾಗಿನ್) ಬರವಲ್ದು. ನೆಟ್‌ವರ್ಕ್ ಕಾರ್ಡ್ ಹೆಸರು ಮಷೀನ್‌ನಿಂದ ಮಷೀನ್‌ಗ ಬದಲಾಗ್ತೈತಿ, ಲ್ಯಾಪ್‌ಟಾಪ್‌ನಾಗ ಇದ್ದ ಹೆಸರಿಗೆ ಐಪಿ ಬರೆದಿಟ್ರ ಸರ್ವರ್‌ನಾಗ ಆ ಹೆಸರೇ ಇರಂಗಿಲ್ಲ. ಸರ್ವರ್‌ನ ಮ್ಯಾಕ್ ಅಡ್ರೆಸ್ ಹಿಡಿದು ಐಪಿ ಕೊಡ್ರಿ. ಎಫ್‌ಎಸ್‌ಟ್ಯಾಬ್‌ನಾಗ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಫೈಲ್) ಒಳಗಿನ ಡಿಸ್ಕ್‌ನ ಸಾಲು ಇದ್ರ ನೋಫೇಲ್ (ಡಿಸ್ಕ್ ಸಿಗದಿದ್ರೂ ಮುಂದ ಹೋಗು ಅನ್ನೋ ಆಪ್ಷನ್) ಹಾಕ್ರಿ, ಇಲ್ಲಂದ್ರ ಸತ್ತ ಡಿಸ್ಕ್‌ಗಾಗಿ ಲಿನಕ್ಸ್‌ನ ಶುರು ಮಾಡೋ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗ ಹೋಗಿ ಕುಂದರ್ತೈತಿ.

ಇನ್ನೊಂದು ಬಾಳ ಅಪಾಯದ್ದು. ಯುಎಸ್‌ಬಿ ಡಿಸ್ಕ್‌ನ ಒಳಗಿನ ಡಿಸ್ಕ್‌ನಿಂದ ಕ್ಲೋನ್ ಮಾಡಿದ್ರ ಎರಡಕ್ಕೂ ಯುಯುಐಡಿ ಒಂದೇ ಇರ್ತೈತಿ, ಯುಎಸ್‌ಬಿಯಿಂದ ಬೂಟ್ ಆಗೈತಿ ಅಂತ ನಾವು ನಂಬಿರ್ತೀವಿ, ಕರ್ನಲ್ ಮಾತ್ರ ಒಳಗಿನ ಸಾಯ್ತಿರೋ ಡಿಸ್ಕ್‌ನ ರೂಟ್ ಮಾಡ್ಕೊಂಡಿರ್ತೈತಿ, ಅದರ ಮ್ಯಾಲ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ರಿಪೇರಿ ಕಮಾಂಡ್) ಓಡಿಸಿದ್ರ ಉಳಿದಿದ್ದ ಡೇಟಾನೂ ಹೋಗ್ತೈತಿ. ಒಳಗ ಬಂದ ಕೂಡ್ಲೇ ಫೈಂಡ್‌ಮೌಂಟ್ ಹೊಡೆದು ರೂಟ್ ಯಾವ ಡಿಸ್ಕ್ ಅಂತ ಕಣ್ಣಾರೆ ನೋಡ್ರಿ, ಆಮ್ಯಾಲ ಬ್ಯಾರೆ ಮಾತು. ಕ್ಲೋನ್ ಮಾಡಿದ್ರ ಯುಯುಐಡಿ ಬದಲಾಯ್ಸಿ, ಎಫ್‌ಎಸ್‌ಟ್ಯಾಬ್ ಮತ್ತ ಗ್ರಬ್‌ನಾಗೂ ತಿದ್ದಬೇಕು.

ವರ್ಚುವಲ್ ಮೀಡಿಯಾ (ನಮ್ಮ ಕಂಪ್ಯೂಟರ್‌ನಾಗಿನ ಐಎಸ್‌ಒ ಅನ್ನೋ ಡಿಸ್ಕ್ ಫೈಲ್‌ನ ಬಿಎಂಸಿ ಮೂಲಕ ಸರ್ವರ್‌ಗ ಡಿಸ್ಕ್‌ನಂಗ ತೋರ್ಸೋದು) ಐತಲ್ಲ, ಡಿಸ್ಕ್ ಯಾಕ ಚುಚ್ಚಿಡಬೇಕು ಅಂತ ಕೇಳ್ತಾರ. ಬಳ್ಳಾರಿಯಿಂದ ಅಪ್‌ಲೋಡ್ 4 ಎಂಬಿಪಿಎಸ್ ಸಿಕ್ತು ಅನ್ಕೊಳ್ರಿ, 700 ಎಂಬಿಯ ಐಎಸ್‌ಒ ಪೂರ್ತಿ ಹೋಗಾಕ 23 ನಿಮಿಷದ ಮ್ಯಾಲ ಬೇಕು, ಅದೂ ಲೈನ್ ಒಂದ್ಸಲನೂ ಕಟ್ ಆಗದಿದ್ರ. ಬ್ರೌಸರ್ ಟ್ಯಾಬ್ ಮುಚ್ಚಿದ್ರ ಡಿಸ್ಕ್ ಕಿತ್ತಂಗ ಆಗ್ತೈತಿ. ಬ್ಯಾರೆ ದಾರಿ ಇಲ್ದಾಗ ಮಾತ್ರ ನಾನು ಅದಕ್ಕ ಕೈ ಹಾಕ್ತೀನಿ.

ಬಿಎಂಸಿ ಇಲ್ಲದ ಸಾದಾ ಡೆಸ್ಕ್‌ಟಾಪೇ ಸರ್ವರ್ ಆಗಿದ್ರ, ಲಿನಕ್ಸ್ ಇನ್ನೂ ನಡೀತಿರೋವಾಗ್ಲೇ ಕೆಲ್ಸ ಮಾಡ್ಕೋಬೇಕು. ಇಎಫ್‌ಐಬೂಟ್‌ಎಂಜಿಆರ್ ಅನ್ನೋ ಕಮಾಂಡ್‌ನಾಗ ಬೂಟ್‌ನೆಕ್ಸ್ಟ್ ಸೆಟ್ ಮಾಡಿದ್ರ ಮುಂದಿನ ಒಂದೇ ಒಂದು ಬೂಟ್ ಯುಎಸ್‌ಬಿಯಿಂದ, ಅದು ಕೆಟ್ರ ಅದರ ಮುಂದಿನ ರೀಬೂಟ್‌ಗ ಹಳೇ ಡಿಸ್ಕ್ ತಾನಾಗೇ ಬರ್ತೈತಿ. ಆ ರೀಬೂಟ್ ಯಾರು ಕೊಡಬೇಕು? ಯುಎಸ್‌ಬಿ ಕಡೆ ಕರ್ನಲ್ ಲೈನ್‌ನಾಗ ಪ್ಯಾನಿಕ್=30 ಹಾಕಿಡ್ರಿ, ರೂಟ್ ಸಿಗದಿದ್ರ ಡೆಬಿಯನ್ ಇನಿಟ್‌ರಾಮ್‌ಎಫ್‌ಎಸ್ ಶೆಲ್‌ನಾಗ ಕುಂದರದಂಗ 30 ಸೆಕೆಂಡಿಗೆ ರೀಬೂಟ್ ಆಗ್ತೈತಿ. ಕಾಯಂ ಬೂಟ್ ಆರ್ಡರ್ ಮಾತ್ರ ದೂರದಿಂದ ಬದಲಾಯ್ಸಾಕ ಹೋಗಬ್ಯಾಡ್ರಿ, ಬಿಎಂಸಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಆರ್ಡರ್‌ನಾಗ ಒಳಗಿನ ಡಿಸ್ಕ್ ಮೊದ್ಲು, ಯುಎಸ್‌ಬಿ ಕೊನೆಗೆ, ಅದನ್ನ ಹಂಗೇ ಬಿಡ್ರಿ, ಇಲ್ಲಂದ್ರ ಯಾವತ್ತೋ ಕರೆಂಟ್ ಹೋಗಿ ಬಂದಾಗ ಸರ್ವರ್ ಸುಮ್ಮನೆ ಯುಎಸ್‌ಬಿ ಮ್ಯಾಲ ಎದ್ದು, ಹಳೇ ಡೇಟಾಬೇಸ್‌ನಾಗ ಹೊಸ ತೂಕ ಬರ್ಕೊಂತ ಹೋಗ್ತೈತಿ, ಅದು ಯಾರಿಗೂ ತಿಳಿಯಂಗಿಲ್ಲ.

ಅವತ್ತು ಬೆಳಿಗ್ಗೆ ವೇಬ್ರಿಡ್ಜ್ ಮ್ಯಾಲ ಮೊದಲ ಲಾರಿ ಹತ್ತಿದಾಗ ಗುಮಾಸ್ತ್ರು ಸ್ಲಿಪ್‌ನ ಫೋಟೋ ಕಳ್ಸಿದ್ರು. ನೀರು ಇಳಿದ ಮ್ಯಾಲ ಹೋಗಿ ಒಳಗಿನ ಡಿಸ್ಕ್ ಬದಲಾಯ್ಸಿ, ಯುಎಸ್‌ಬಿ ಕೇಸ್‌ನೂ ಬ್ಯಾರೇದು ಹಾಕಿ, ಕ್ವಿರ್ಕ್ಸ್ ಸಾಲನ್ನ ಗ್ರಬ್‌ನ ಡೀಫಾಲ್ಟ್ ಫೈಲ್‌ನಾಗ ಬರೆದು ಅಪ್‌ಡೇಟ್ ಕೊಟ್ಟು ಬಂದೀನಿ. ಹೊಸ ಕೇಸ್‌ನ ಐಡಿ ಬ್ಯಾರೆ, ಅದನ್ನೂ ಸೇರ್ಸೀನಿ, ಎರಡು ಡಿಸ್ಕ್ ಇದ್ರ ನಡುವ ಕಾಮಾ ಹಾಕಬೇಕು. ಆ ಕೇಬಲ್‌ಗ ಕೆಂಪು ಟೇಪ್ ಸುತ್ತಿ ಅದರ ಮ್ಯಾಲ "ಇದನ್ನ ಕೀಳಬ್ಯಾಡ್ರಿ" ಅಂತ ಬರೆದೀನಿ, ಮತ್ತ ಪ್ರತಿ ತಿಂಗಳ ಮೊದಲ ಭಾನುವಾರ ಮಿಲ್ ಬಂದ್ ಇರೋವಾಗ ಬಳ್ಳಾರಿಯಿಂದ ಒಂದ್ಸಲ ಅದರ ಮ್ಯಾಲ ಬೂಟ್ ಮಾಡಿ, ಫೈಂಡ್‌ಮೌಂಟ್ ನೋಡಿ, ವಾಪಸ್ ಒಳಗಿನ ಡಿಸ್ಕ್‌ಗ ತರ್ತೀನಿ.